ನೂರು ಗ್ರಾಂ ಎತ್ತಿದ್ದು

ಅಂತರ ಕಾಲೇಜು ಭಾರ ಎತ್ತುವ ಸ್ಪರ್ಧೆಗೆ ನಮ್ಮ ಕಾಲೇಜಿನಿಂದ ಹೋದವನು ಗುಡಗೇರಿಯ ಬಸವರಾಜ ಒಬ್ಬನೇ. ಕ್ರೀಡಾ ಮೇಷ್ಟ್ರಾದ ನಾನು ಹಿಂದಿನ ದಿನದಿಂದ ಅವನಿಗೆ ನೀರನ್ನೂ ಅಳೆದು ಕೊಟ್ಟಿದ್ದೆ. ಆದರೂ ತೂಕದ ಯಂತ್ರ ಅವನ ತೂಕದ ವರ್ಗದ ಮಿತಿಗಿಂತ ನೂರು ಗ್ರಾಂ ಹೆಚ್ಚು ತೋರಿಸಿತು.

“ಕೊರಳಾಗಿಂದು ತಗೀಪಾ,” ಅಂದರು ತೂಕ ನೋಡುತ್ತಿದ್ದ ಮುಲ್ಲಾ ಸರ್.

“ಲಿಂಗದ ಕರಡಗಿ ಐತ್ರಿ. ತಗಿಯಂಗಿಲ್ರಿ,” ಅಂದ ಬಸವರಾಜ.

ಹೊರಗೆ ಹಾಕಿಯೇ ಬಿಡುತ್ತಾರೆ ಅಂದುಕೊಂಡೆ. ಮುಲ್ಲಾ ಸರ್ ನನ್ನತ್ತ ತಿರುಗಿದರು. “ತಗಿಯೂದು ಬ್ಯಾಡ. ನೀವು ಅದನ್ನ ಸ್ವಲ್ಪ ಎತ್ತಿ ಹಿಡೀರಿ, ಸರ.”

ಬೆಳ್ಳಿ ಕರಡಿಗೆಯನ್ನು ಅಂಗೈಯಲ್ಲಿ ಎತ್ತಿ ಹಿಡಿದೆ. ಕೈ ಮೇಲೆ ಕೆಳಗಾದಂತೆಲ್ಲ ಅಂಕಿ ಕುಣಿಯಿತು, ಕೊನೆಗೆ ಮಿತಿಯೊಳಗೆ ನಿಂತಿತು. ನೂರು ಕಿಲೋ ಎತ್ತಬೇಕಾದವನು ಆರಾಮಾಗಿದ್ದ, ನೂರು ಗ್ರಾಂ ಎತ್ತಿದ ನಾನು ಬೆವತಿದ್ದೆ.

“ಇದನ್ನ ಮುಂಜಾನೇನ ಹೇಳಬಾರದಿತ್ತೇನ್ರಿ, ಸರ?” ಅಂತ ಬಸವರಾಜ ನನ್ನತ್ತ ನೋಡಿ ತಲೆ ಸವರಿಕೊಂಡ. ತೂಕ ಇಳಿಯಲೆಂದು ಅವನ ತಲೆಯನ್ನು ಬೆಳಿಗ್ಗೆಯೇ ಬೋಳು ಮಾಡಿಸಿದ್ದೆ.