ಎಡಗಾಲಿಗೆ ಕೆಲಸವಿಲ್ಲದ ಗಾಡಿ

ನಮ್ಮ ನನ್ನಿವಾಳದಲ್ಲಿ ಹೆಂಗಸರು ಗಾಡಿ ಓಡಿಸುವುದಕ್ಕೆ ಯಾರ ತಕರಾರೂ ಇಲ್ಲ, ಗೇರ್ ಇಲ್ಲದ ಗಾಡಿಯಾಗಿದ್ದರೆ. ಸ್ಕೂಟರ್ ಹೆಂಗಸರದು, ಬೈಕ್ ಗಂಡಸರದು. ಇದನ್ನು ಯಾವ ದೇವರು ಯಾವಾಗ ಬರೆದಿಟ್ಟನೋ ಗೊತ್ತಿಲ್ಲ, ಕಟ್ಟೆಯ ಮೇಲೆ ಕೂತವರು ಮಾತ್ರ ಕಣ್ಣಾರೆ ಕಂಡವರಂತೆ ಹೇಳುತ್ತಾರೆ. ನಮ್ಮ ವನಜಾಕ್ಷಿ ಅತ್ತಿಗೆ ಆ ಮಾತಿಗೆ ಸೊಪ್ಪು ಹಾಕಲಿಲ್ಲ. ಅವಳ ಕಥೆ ಹೇಳಹೊರಟರೆ ನನಗೆ ಈಗಲೂ ಒಂದು ಕಡೆ ಮೈ ಉರಿಯುತ್ತದೆ, ಇನ್ನೊಂದು ಕಡೆ ನಗು ಬರುತ್ತದೆ.

ಅತ್ತಿಗೆ ಎಂದರೆ ನನ್ನ ದೊಡ್ಡಪ್ಪನ ಮಗ ಸೂರಪ್ಪನ ಹೆಂಡತಿ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಮೋಟುಗೋಡೆ ಅಷ್ಟೆ. ಅವಳದು ಪಶುಸಖಿಯ ಕೆಲಸ. ಊರಾಚೆಯ ಹಟ್ಟಿಗಳಿಗೆ ಹೋಗಿ ಕುರಿಗಳಿಗೆ ಜಂತಿನ ಔಷಧಿ ಕುಡಿಸಬೇಕು. ಬಿಸಿಲೇರುವ ಮೊದಲೇ ಕುರಿಗಳು ರೊಪ್ಪದ ಬೇಲಿಯಿಂದಾಚೆ ಮೇಯಲು ಹೊರಡುತ್ತವೆ. ಅಷ್ಟರೊಳಗೆ ತಲುಪದಿದ್ದರೆ ಆ ದಿನ ದಂಡ. ಕೆಲಸ ಸಿಕ್ಕಿದಾಗ ಸೂರಪ್ಪಣ್ಣನೇ ಚಳ್ಳಕೆರೆಯಿಂದ ಅವಳಿಗೊಂದು ಸ್ಕೂಟರ್ ತಂದ. "ಹೆಣ್ಮಗಳಿಗೆ ಇದೇ ಸರಿ" ಎಂದು ಊರೆಲ್ಲ ತಲೆದೂಗಿತು.

ಸ್ಕೂಟರೇನೋ ಚೆನ್ನಾಗಿಯೇ ಇತ್ತು, ರಸ್ತೆ ಇರುವ ತನಕ. ಹಟ್ಟಿಗಳ ದಾರಿಯಲ್ಲಿ ಒಂದು ಹಳ್ಳ ದಾಟಬೇಕು, ಹಳ್ಳದ ತುಂಬ ಮರಳು. ಚಿಕ್ಕ ಗಾಲಿ ಅಲ್ಲಿ ಹೂತುಹೋಗುತ್ತಿತ್ತು. ಅತ್ತಿಗೆ ಎಕ್ಸಿಲರೇಟರ್ ತಿರುವಿದಷ್ಟೂ ಇನ್ನಷ್ಟು ಆಳ. ಇಳಿದು ನೂಕಿ, ಬೆವರು ಸುರಿಸಿಕೊಂಡು ಹಟ್ಟಿ ಸೇರುವಷ್ಟರಲ್ಲಿ ರೊಪ್ಪ ಖಾಲಿ. ಕುರಿಯವರು ದೂರು ಕೊಟ್ಟರು. ಮುಂದಿನ ಸರದಿಯೂ ತಪ್ಪಿದರೆ ಆ ಹಟ್ಟಿಗಳನ್ನು ಬೇರೆಯವರಿಗೆ ಕೊಡುತ್ತೇವೆಂದು ಮೇಲಿನವರು ಕಡ್ಡಿ ಮುರಿದಂತೆ ಹೇಳಿದರು. ಹಟ್ಟಿ ಹೋದರೆ ಅವಳ ಕೆಲಸವೇ ಹೋದಂತೆ.

ಮನೆಯ ಮುಂದೆಯೇ ಟಾರ್ಪಾಲು ಹೊದ್ದು ಒಂದು ಗೇರ್ ಬೈಕ್ ನಿಂತಿತ್ತು. ಸೂರಪ್ಪಣ್ಣನದು. ಅವನು ಕುರಿ ವ್ಯಾಪಾರಿ. ಹೋದ ವರ್ಷ ಹುಣಸೆಮರದಿಂದ ಬಿದ್ದ ಮೇಲೆ ಅವನ ಎಡಪಾದ ಮೇಲೆ ಕೆಳಗೆ ಆಡುವುದಿಲ್ಲ. ಗೇರ್ ಹಾಕುವುದು ಎಡಪಾದದಲ್ಲೇ ತಾನೆ? ಹಾಗಾಗಿ ಅವನು ಸಂತೆಗೆ ಹೋಗಬೇಕಾದರೆ ಯಾರದೋ ಗಾಡಿಯ ಹಿಂದೆ ಅಂಗಲಾಚಿ ಕೂರುತ್ತಿದ್ದ. ಬೈಕನ್ನು ಅತ್ತಿಗೆ ಕೇಳಿದರೆ, "ಅದು ನನ್ ಗಾಡಿ. ಕಾಲು ಸರಿಯಾಗ್ಲಿ, ನಾನೇ ಓಡಿಸ್ತೀನಿ" ಎನ್ನುತ್ತಿದ್ದ. ತಾನೂ ತಿನ್ನ, ಪರರಿಗೂ ಕೊಡ.

ಸ್ಕೂಟರಿನ ಬ್ರೇಕ್ ನೋಡಲು ಬಂದಿದ್ದ ಚಳ್ಳಕೆರೆಯ ಮೆಕ್ಯಾನಿಕ್ ಮುರ್ತುಜಾ ಈ ಜಗಳ ಕೇಳಿ ನಕ್ಕುಬಿಟ್ಟ.

"ಸೂರಪ್ಪಣ್ಣ, ಬೈಕಿಗೆ ಎಡಗಾಲು ಬೇಕೇ ಬೇಕು. ಈ ಸ್ಕೂಟರಿನಾಗೆ ಎಡಗಾಲಿಗೆ ಕೆಲ್ಸನೇ ಇಲ್ಲ. ಕ್ಲಚ್ ಇಲ್ಲ, ಗೇರ್ ಇಲ್ಲ, ಸಂತೆಗೆ ಆರಾಮ್. ಪೆಟ್ರೋಲ್ ಒಂಚೂರು ಜಾಸ್ತಿ ಕುಡೀತೈತೆ, ಅಷ್ಟೇ. ಮರಳಿಗೆ ದೊಡ್ಡ ಗಾಲಿ ಬೇಕು, ಫಸ್ಟ್ ಗೇರ್ ಬೇಕು. ನೀವಿಬ್ರೂ ಅದಲ್ ಬದಲ್ ಮಾಡ್ಕಳ್ರಿ, ಖತಂ."

"ನಾನು ಹೆಂಗಸ್ರ ಗಾಡಿ ಹತ್ತಬೇಕಾ? ಅದ್ರ ಬದ್ಲು ನಡ್ಕಂಡು ಹೋಗ್ತೀನಿ" ಎಂದ ಸೂರಪ್ಪಣ್ಣ.

ನಡೆಯಲು ಅವನಿಗೆ ಕಾಲೆಲ್ಲಿತ್ತು? ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ. ನನಗೆ ಅವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಅತ್ತಿಗೆ ಮತ್ತೆ ಕೇಳಲಿಲ್ಲ. ಅಣ್ಣ ಕಟ್ಟೆಗೆ ಹೋದ ಮಧ್ಯಾಹ್ನಗಳಲ್ಲಿ ಟಾರ್ಪಾಲು ತೆಗೆದು, ನನ್ನನ್ನು ಜೊತೆಗೆ ಎಳೆದುಕೊಂಡು, ಊರ ಹಿಂದಿನ ಬಯಲಿಗೆ ಬೈಕ್ ನೂಕುತ್ತಿದ್ದಳು. ಕ್ಲಚ್ ಬಿಟ್ಟ ಕೂಡಲೇ ಗಾಡಿ ಒಂದು ನೆಗೆತ ನೆಗೆದು ಆಫ್. ಮತ್ತೆ ಶುರು, ಮತ್ತೆ ಆಫ್. ಹಿಂದೆ ಹಿಡಿದುಕೊಂಡ ನನ್ನ ಮೀನಖಂಡಕ್ಕೆ ಸೈಲೆನ್ಸರ್ ತಾಗಿ ಬೊಬ್ಬೆ ಎದ್ದಿತು. ಬಿದ್ದ ಪ್ರತಿ ಸಲವೂ ಅವಳು ಬೈಕನ್ನು ಬೈದಳೇ ಹೊರತು ಬಿಡಲಿಲ್ಲ.

ಕಲಿತದ್ದು ಗೊತ್ತಾದಾಗ ಅಡ್ಡ ಬಂದವಳು ಅವಳ ಅತ್ತೆ, ನನ್ನ ದೊಡ್ಡವ್ವ ಲಕ್ಷ್ಮಕ್ಕ. "ನಮ್ಮನ್ಯಾಗೆ ಸೊಸೇರು ಸೀರೆ ಬಿಟ್ಟು ಬ್ಯಾರೆ ಉಟ್ಟಿಲ್ಲ. ಸೀರೆ ಉಟ್ಕಂಡು ಆ ಗಾಡಿಗೆ ಆಚೆಗೊಂದು ಈಚೆಗೊಂದು ಕಾಲು ಹಾಕ್ತೀಯಾ?" ಎಂದಳು. ಸೂರಪ್ಪಣ್ಣ ಗೆದ್ದವನಂತೆ ಸುಮ್ಮನೆ ಮಲಗಿದ.

ಸರದಿಯ ದಿನ ಬೆಳಕು ಹರಿಯುವಾಗ ಮೋಟುಗೋಡೆಯಿಂದ ಇಣುಕಿದೆ. ಅತ್ತಿಗೆ ಸೀರೆಯನ್ನೇ ಉಟ್ಟಿದ್ದಳು, ಆದರೆ ಶೇಂಗಾ ಹೊಲಕ್ಕೆ ಹೋಗುವಾಗ ನಮ್ಮ ಹೆಂಗಸರೆಲ್ಲ ಹಾಕುವಂತೆ ನೆರಿಗೆ ಹಿಂದಕ್ಕೆಳೆದು ಗಟ್ಟಿಯಾಗಿ ಕಚ್ಚೆ ಹಾಕಿದ್ದಳು. ಔಷಧಿಯ ಚೀಲ ಹಿಂದೆ ಬಿಗಿದಾಗಿತ್ತು.

"ಸೀರೆ ಬಿಡಬ್ಯಾಡ ಅಂದ್ರಿ, ಬಿಟ್ಟಿಲ್ಲ ನೋಡ್ರಿ" ಎಂದಳು ಅತ್ತೆಗೆ.

ಹೊಲದಲ್ಲಿ ಜೀವಮಾನವೆಲ್ಲ ಹಾಗೇ ಕಚ್ಚೆ ಹಾಕಿ ದುಡಿದ ದೊಡ್ಡವ್ವ ಪೊರಕೆ ಹಿಡಿದು ಅಂಗಳ ಗುಡಿಸಲು ತಿರುಗಿದಳು.

ಸೂರಪ್ಪಣ್ಣ ಕುಂಟುತ್ತ ಬಂದು ಗಾಡಿಗೆ ಅಡ್ಡ ನಿಂತ. "ಕೀ ಕೊಡು."

"ನಿಮ್ ಕಾಲು ಸರಿಯಾದ ದಿನ ಕೇಳ್ರಿ, ಆವತ್ತೇ ಕೊಡ್ತೀನಿ. ನನ್ ಕೈಯಾಗಿರೋ ಕೆಲ್ಸ ಹೋದ್ರೆ ನಿಮ್ ಕಾಲು ಸರಿಹೋಗ್ತೈತೇನ್ರಿ?" ಅವಳು ಕಣ್ಣು ಕೆಳಗಿಳಿಸಲಿಲ್ಲ. ಸ್ಕೂಟರಿನ ಕೀಯನ್ನು ಅವನ ಅಂಗೈಯಲ್ಲಿಟ್ಟಳು. "ಇದು ನಿಮ್ದು. ಪಕ್ಕಕ್ಕೆ ಸರೀರಿ, ಕುರಿ ಕಾಯ್ತವೆ."

ಅವನು ಸರಿದ. ಯಾಕೆ ಸರಿದನೋ ಅವನಿಗೇ ಗೊತ್ತು.

ಆವತ್ತು ಹಳ್ಳದ ಮರಳನ್ನು ಅವಳು ಫಸ್ಟ್ ಗೇರಲ್ಲೇ, ಎಲ್ಲೂ ಕಾಲೂರದೆ ದಾಟಿದಳಂತೆ. ಹಟ್ಟಿ ಸೇರಿದಾಗ ಕುರಿಗಳೆಲ್ಲ ರೊಪ್ಪದಲ್ಲೇ ಇದ್ದವು. ಒಂದನ್ನೂ ಬಿಡದೆ ಔಷಧಿ ಕುಡಿಸಿ ಬಂದಳು. ಕೆಲಸ ಉಳಿಯಿತು. ಆದರೆ ಊರಿನ ಬಾಯಿ ಮುಚ್ಚಲಿಲ್ಲ. ಹೆಂಡತಿಗೆ ಗೇರ್ ಗಾಡಿ ಬಿಟ್ಟುಕೊಟ್ಟ ಗಂಡ ಎಂದು ಕಟ್ಟೆಯವರು ಆಡಿಕೊಂಡರು. ಅಣ್ಣ ಮನೆಯಲ್ಲಿ ಅನ್ನವನ್ನೂ ಮುಖ ತಿರುಗಿಸಿಕೊಂಡೇ ಉಂಡ. ನಾಳೆ ಆ ಚುಚ್ಚುಮಾತು ತಾಳಲಾರದೆ ಬೈಕನ್ನು ಮಾರಿಬಿಟ್ಟರೆ ಎಂಬ ದಿಗಿಲು ಅತ್ತಿಗೆಗೆ ಹೋಗಲೇ ಇಲ್ಲ.

ಚಳ್ಳಕೆರೆ ಸಂತೆಯ ದಿನ ಬಂತು. ಅಣ್ಣನ ಬಳಿ ಮಾರಲು ಒಂದು ಕೊಬ್ಬಿದ ಟಗರಿತ್ತು. ಟಗರಿನ ಸಮೇತ ಯಾರೂ ಅವನನ್ನು ಗಾಡಿ ಹತ್ತಿಸಿಕೊಳ್ಳಲಿಲ್ಲ. ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದ. ಆಮೇಲೆ ಟಗರನ್ನು ಎತ್ತಿ ಸ್ಕೂಟರಿನ ಕಾಲಿಡುವ ಜಾಗದಲ್ಲಿ ನಿಲ್ಲಿಸಿ, ಎರಡು ಮೊಣಕಾಲ ನಡುವೆ ಒತ್ತಿ ಹಿಡಿದು ಹೊರಟ. ನಾನೂ ಅತ್ತಿಗೆಯೂ ಕೆಲಸ ಬಿಟ್ಟು ಬೀದಿಗೆ ಓಡಿದೆವು. ಕಟ್ಟೆಯ ಮೇಲಿಂದ ಕಲ್ಲೇಶಪ್ಪ ಕೂಗಿದ, "ಏನಲೇ ಸೂರ, ಹೆಂಡ್ತಿ ಗಾಡಿ ತಗಂಡು ಹೊಂಟೀಯಾ?"

ಸ್ಕೂಟರ್ ನಿಂತಿತು. ಅತ್ತಿಗೆ ನನ್ನ ಕೈ ಬಿಗಿಯಾಗಿ ಹಿಡಿದಳು.

"ಇದು ನಂದು ಕಣಲೇ" ಎಂದ ಸೂರಪ್ಪಣ್ಣ. "ಅವಳ ಗಾಡಿಗೆ ಗೇರ್ ಐತೆ."