ತಡೆದು ತೋರಿಸಿದ ಹಸಿರು ಪಟ್ಟಿ

ಗಿರಿಜಾ, ಆ ಕಂಪ್ಯೂಟರ್ ನಿಧಾನವಿರಲಿಲ್ಲ. ನಿನ್ನ ಅಜ್ಜಿಯ ಹಾಡುಗಳು ಮೊದಲ ದಿನವೇ ಸಿದ್ಧವಾಗಿದ್ದವು — ನೀನು ಬಾದಾಮಿಯ ನನ್ನ ಕಂಪ್ಯೂಟರ್ ಅಂಗಡಿಗೆ ಮೊದಲ ಸಲ ಬಂದು, ಕುರ್ಚಿಯ ಧೂಳನ್ನು ಓಢಣಿಯ ತುದಿಯಿಂದ ಒರೆಸಿ ಕೂತ ದಿನವೇ. ನಾನು ಹೇಳಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾಯಿತು, ಆದರೂ ಹೇಳಲಿಲ್ಲ.

ನೀನು ತಂದದ್ದು ಒಂದು ಮೆಮೊರಿ ಕಾರ್ಡ್. ನಿನ್ನ ಅಜ್ಜಿ ಶಾಂತವ್ವ ಮತ್ತು ಅವರ ತಂಗಿ ನೀಲವ್ವ ಬೀಸುಕಲ್ಲಿಗೆ ಎದುರುಬದುರು ಕೂತು ಹಾಡಿದ ಪದಗಳು ಅದರಲ್ಲಿ ನೂರಾರು ಸಣ್ಣ ತುಣುಕುಗಳಾಗಿ ಇದ್ದವು. ನೀಲವ್ವ ನುಡಿ ಎತ್ತುತ್ತಿದ್ದರು, ಅಜ್ಜಿ ಅದನ್ನು ಹಿಡಿದು ಮುಗಿಸುತ್ತಿದ್ದರು. ತಂಗಿ ತೀರಿಕೊಂಡ ಮೇಲೆ ಅಜ್ಜಿ ಹಾಡುವುದನ್ನೇ ಬಿಟ್ಟಿದ್ದರು. ಆ ದನಿಯನ್ನು ಇನ್ನೊಮ್ಮೆ ಕೇಳಬೇಕೆಂಬುದೊಂದೇ ಅವರ ಆಸೆ. ಆದರೆ ರೆಕಾರ್ಡಿಂಗಿನಲ್ಲಿ ದನಿಗಿಂತ ಕಲ್ಲಿನ ಗರಗರವೇ ಹೆಚ್ಚು, ಅವರ ಕಿವಿಯೂ ಮಂದ. ಆ ಸದ್ದನ್ನು ನಾನು ತೆಗೆದುಕೊಡಬೇಕಿತ್ತು.

"ಕಾರ್ಡ್ ಕಣ್ಣಮುಂದಿಂದ ಬಿಡಬ್ಯಾಡ ಅಂದಾಳ್ರಿ ಅಜ್ಜಿ. ಮುಗಿಯೂ ಮಟಾ ಇಲ್ಲೇ ಕುಂದರತೇನಿ," ಎಂದು ನೀನು ಕೈಚೀಲದಿಂದ ಬ್ಲೌಸು, ಹುಕ್ಕು, ಸೂಜಿ ತೆಗೆದೆ.

ಹಲವು ತುಣುಕುಗಳನ್ನು ಏಕಕಾಲಕ್ಕೆ ಶುದ್ಧ ಮಾಡುವ ಪ್ರೋಗ್ರಾಮನ್ನು ನಾನೇ ಬರೆದಿದ್ದೆ. ಹಾಗೆ ಒಟ್ಟೊಟ್ಟಿಗೆ ನಡೆಯುವ ಕೆಲಸಕ್ಕೆ ಎಷ್ಟು ಮುಗಿಯಿತೆಂದು ಹೇಳುವ ಪ್ರೋಗ್ರೆಸ್ ಬಾರ್ ಪಟ್ಟಿಯನ್ನು ತೋರಿಸುವುದು ತಲೆನೋವಿನ ಸಂಗತಿ — ಹಿಂದಿನದು ಮೊದಲು ಮುಗಿಯುತ್ತದೆ, ಮುಂದಿನದು ಇನ್ನೂ ತಿಣುಕುತ್ತಿರುತ್ತದೆ. ಆದ್ದರಿಂದ ಯಾವ ತುಣುಕು ಮುಗಿದರೂ ಅದು ಸುದ್ದಿ ಕೊಡಬೇಕು, ಆಗ ಹಸಿರು ಪಟ್ಟಿ ಒಂದಿಷ್ಟು ಮುಂದೆ ಸರಿಯಬೇಕು. ಅದನ್ನು ನೆಟ್ಟಗೆ ಬರೆದಿದ್ದೆ. ಒಳ್ಳೆಯ ಜಂಬವೂ ಇತ್ತು.

ನೀನು ಹುಕ್ಕು ಹಚ್ಚುತ್ತ ಹಚ್ಚುತ್ತ ಆ ಪಟ್ಟಿಗೆ, ಎತ್ತಿಗೆ ಹೇಳಿದಂತೆ, "ನಡೀಪಾ, ನಡಿ ನನ್ನಪ್ಪಾ" ಎಂದೆ ನೋಡು — ನನ್ನ ಬುದ್ಧಿ ಕೆಟ್ಟದ್ದು ಅಲ್ಲೇ. ಪಟ್ಟಿ ಆಗಲೇ ಅರ್ಧ ದಾಟಿತ್ತು. ಅದು ತುಂಬಿದರೆ ನೀನು ಎದ್ದು ನಿಮ್ಮೂರು ಚೊಳಚಗುಡ್ಡದ ಟಂಟಂ ಆಟೋ ಹತ್ತುವವಳು. ನೀನು ನೀರು ಕುಡಿಯಲು ಹೊರಗೆ ಹೋದಾಗ ಒಂದೇ ಒಂದು ಸಾಲು ಸೇರಿಸಿ ಕೆಲಸವನ್ನು ಮತ್ತೆ ಮೊದಲಿನಿಂದ ಹಚ್ಚಿದೆ. ಮುಗಿದವುಗಳ ಸುದ್ದಿಯನ್ನು ತಡೆದು ಹಿಡಿ, ಪಟ್ಟಿಗೆ ಬಿಟ್ಟು ಬಿಟ್ಟು ತಿಳಿಸು — ಇಷ್ಟೇ ಆ ಸಾಲು. ಪಟ್ಟಿ ಮತ್ತೆ ಮೊದಲಿಗೆ ಬಂದದ್ದನ್ನು ಕಂಡು ನೀನು ಕೇಳಿದಾಗ ಮಷೀನಿನ ಮೇಲೆ ತಪ್ಪು ಹೊರಿಸಿದೆ. ನೀನು ಹೊರಡುವ ಮೊದಲೇ ಒಳಗೆ ಎಲ್ಲ ಹಾಡೂ ಸಿದ್ಧ. ಹೊರಗೆ ಪಟ್ಟಿ ತೆವಳುತ್ತಿತ್ತು.

ಸಂಜೆ ಕಾರ್ಡ್ ಒಯ್ದ ನೀನು ಮರುದಿನ ಮತ್ತೆ ಬಂದೆ. ಅದರ ಮರುದಿನವೂ. ಶೇಂಗಾ ಹೋಳಿಗೆ ತಂದೆ, ನನ್ನ ಅಂಗಡಿಯ ಜೇಡರ ಬಲೆ ತೆಗೆದೆ, ನನ್ನ ಮೀಸೆಯನ್ನು ಆಡಿಕೊಂಡು ನಕ್ಕೆ. ಆ ದಿನಗಳಷ್ಟು ಸುಖ ನಾನು ಎಂದೂ ಕಂಡಿರಲಿಲ್ಲ — ಇದನ್ನು ನೆಪವಾಗಿ ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ.

"ಇವತ್ತರ ಮುಗೀತದೇನ್ರಿ? ಅಜ್ಜಿ ಬಾಗಲದಾಗ ಕುಂತು ದಿನಾ ಕೇಳತಾಳ, ನಮ್ಮ ನೀಲಿ ದನಿ ಬಂತೇನವಾ ಅಂತ."

"ಇನ್ನೊಂಚೂರು ಐತ್ರಿ," ಎಂದು ನಾನು ಹೇಳಿದೆ. ಪಟ್ಟಿಯನ್ನು ತೋರಿಸಿದೆ. ನೀನು ನಂಬಿದೆ.

ಕಡೆಗೆ ನಾಚಿಕೆಯಾಗಿ ಪಟ್ಟಿಯನ್ನು ತುಂಬಲು ಬಿಟ್ಟು, ಹಾಡುಗಳನ್ನು ಕಾರ್ಡಿಗೆ ಹಾಕಿಕೊಟ್ಟೆ. ನೀನು ಓಡುತ್ತಲೇ ಹೋದೆ. ಮನೆಯಲ್ಲಿ ಅಜ್ಜಿ ಬಾಗಿಲಲ್ಲಿ ಇರಲಿಲ್ಲ. ಅಂದು ಮಧ್ಯಾಹ್ನವೇ ಪ್ರಜ್ಞೆ ತಪ್ಪಿ ಬಿದ್ದಿದ್ದರು. ದವಾಖಾನೆಯಲ್ಲಿ ನೀನು ಫೋನನ್ನು ಅವರ ಕಿವಿಗಿಟ್ಟು ಮತ್ತೆ ಮತ್ತೆ ಹಾಡು ಹಚ್ಚಿದೆಯಂತೆ. ಅವರು ಕಣ್ಣು ತೆರೆಯಲೇ ಇಲ್ಲ.

ಅಜ್ಜಿಯ ಮಣ್ಣಿಗೆ ಬಂದ ನನ್ನನ್ನು ನೀನು ನಿಮ್ಮವರ ಮುಂದೆ ನಿಲ್ಲಿಸಿ ಹೇಳಿದ ಮಾತು ನನಗೆ ಇಂದಿಗೂ ಚುಚ್ಚುತ್ತದೆ: "ಇವರದ ಏನೂ ತಪ್ಪಿಲ್ಲ. ಆ ಹಾಳ ಮಷೀನ್ ಮುಂದ ನನ್ನ ಸಲುವಾಗಿ ದಿನಗಟ್ಟಲೆ ಕುಂತಾರ." ಆ ತಾಳ್ಮೆಯನ್ನು ಮೆಚ್ಚಿಯೇ ನೀನು ನನ್ನನ್ನು ಒಪ್ಪಿದ್ದು. ಬಂದ ನೆಂಟರಿಗೆಲ್ಲ ಈಗಲೂ ಅದನ್ನೇ ಹೇಳುತ್ತೀಯ. ನಾನು ತಲೆ ತಗ್ಗಿಸಿ ಚಹಾ ಕುಡಿಯುತ್ತೇನೆ, ಅವರು ಅದನ್ನು ಸಂಕೋಚವೆಂದುಕೊಳ್ಳುತ್ತಾರೆ.

ಮೊನ್ನೆ ನಮ್ಮ ಮಗಳು ನಿನ್ನೆದುರು ಕೂತು ನೀಲವ್ವನ ನುಡಿ ಎತ್ತಿದಳು. ಅಜ್ಜಿಯ ಪಾಲಿನದನ್ನು ನೀನು ಹಾಡಿದೆ. ಮುಗಿಸಿ, ಕಣ್ಣೊರೆಸಿಕೊಂಡು, "ಅಜ್ಜಿ ಒಂದ ಸಲ ಕೇಳಬೇಕಾಗಿತ್ತ ನೋಡ್ರಿ" ಎಂದು ನನ್ನತ್ತ ತಿರುಗಿದೆ.

ಅವರು ಕೇಳಬಹುದಿತ್ತು, ಗಿರಿಜಾ. ಬಾಗಿಲಲ್ಲಿ ಕೂತು, ಎಚ್ಚರವಾಗಿದ್ದು, ತಂಗಿಯ ನುಡಿಗೆ ದನಿಗೂಡಿಸಿ ಹಾಡಲೂಬಹುದಿತ್ತು. ನಿನ್ನನ್ನು ಇನ್ನಷ್ಟು ಹೊತ್ತು ನೋಡಬೇಕೆಂದು ನಾನು ಅದನ್ನು ಅವರಿಂದ ಕಿತ್ತುಕೊಂಡೆ.

ಈ ಪತ್ರವನ್ನು ನಿನ್ನ ಹೊಲಿಗೆ ಯಂತ್ರದ ಮೇಲೆ ಇಟ್ಟು, ಎದುರಿನ ಕುರ್ಚಿಯಲ್ಲಿ ಕೂತಿರುತ್ತೇನೆ. ಓದು. ಎಷ್ಟು ಹೊತ್ತಾದರೂ ಆಗಲಿ, ಎಷ್ಟು ದಿನವಾದರೂ ಆಗಲಿ, ನೀನು ಮಾತಾಡುವವರೆಗೆ ಈ ಸಲ ಕಾಯುವವನು ನಾನು.