ಇಟಲಿಯ ಹಳ್ಳಿಯೂ ಡೊಂಬಿವಲಿಗೆ ಬಂದ ಮಾವನೂ

ನಾನು ಅದೆಷ್ಟೋ ಜನರನ್ನು ಇಟಲಿಯ ಹಳ್ಳಿಗಳಿಗೆ ಕಳಿಸಿಕೊಟ್ಟವನು. ಸ್ವತಃ ನಾನು ಪಶ್ಚಿಮಕ್ಕೆ ಹೋದದ್ದು ಚೌಪಾಟಿಯವರೆಗೆ ಮಾತ್ರ. ಅಲ್ಲಿಂದ ಮುಂದೆ ಸಮುದ್ರವಿರುವುದರಿಂದ ಹಿಂದಿರುಗಿ ಡೊಂಬಿವಲಿಯ ಲೋಕಲ್ ಹಿಡಿದಿದ್ದೇನೆ. ಎಂಬತ್ತರ ದಶಕದಲ್ಲಿ ನಾನು ಮುಂಬೈಯ ಫೋರ್ಟಿನ ಒಂದು ಸಣ್ಣ ಪ್ರವಾಸ ಕಂಪನಿಯಲ್ಲಿ ಗುಮಾಸ್ತನಾಗಿದ್ದೆ. ಶ್ರೀಮಂತರು ಪರದೇಶದಲ್ಲಿ ಯಾವ ದಿನ, ಎಷ್ಟು ಗಂಟೆಗೆ, ಏನನ್ನು ನೋಡಿ ಸಂತೋಷಪಡಬೇಕು ಎಂಬುದನ್ನು ಟೈಪ್ ಮಾಡಿ ಕೊಡುವುದು ನನ್ನ ಕೆಲಸ.

ರೋಮಿನ ಹಳೆಯ ಕಲ್ಲುಗಳನ್ನು ನೋಡಿ ಸಾಕಾದವರು ಆಗ ಹಳ್ಳಿಯ ಕಡೆ ಹೊರಳತೊಡಗಿದ್ದರು. ಅಲ್ಲೊಬ್ಬ ರೈತನ ಕಲ್ಲಿನ ಮನೆಯಲ್ಲಿ ಎಂಟು ದಿನದ ವಾಸ. ಮೊದಲ ದಿನ ದ್ರಾಕ್ಷಿ ಕೀಳುವುದು. ಎರಡನೆಯ ದಿನ ಮನೆಯ ಮುದುಕಿಯ ಜೊತೆ ಹಿಟ್ಟು ನಾದುವುದು. ಆಮೇಲೆ ಕುರಿ ಹಾಲು ಕರೆಯುವುದನ್ನು ನೋಡುವುದು, ಆಲಿವ್ ಎಣ್ಣೆಯ ಗಾಣ, ಕತ್ತೆಯ ಮೇಲೆ ಗುಡ್ಡ ಹತ್ತುವುದು. ಸಂಜೆ ಆರಕ್ಕೆ, ಊರಿನವರೊಂದಿಗೆ ಬೀದಿಯಲ್ಲಿ ಸುಮ್ಮನೆ ಅತ್ತಿಂದಿತ್ತ ಅಡ್ಡಾಡುವುದು! ಇದನ್ನು ಟೈಪ್ ಮಾಡುವಾಗ ನನ್ನ ಬೆರಳುಗಳು ಮುಷ್ಕರ ಹೂಡುತ್ತಿದ್ದವು. ಸುಮ್ಮನೆ ಅಡ್ಡಾಡಲು ಮಲಬಾರ್ ಹಿಲ್ಲಿನಿಂದ ಇಟಲಿಗೆ ಹೋಗಬೇಕೆ? ಆರು ಹತ್ತರ ಫಾಸ್ಟ್ ಲೋಕಲ್ ರದ್ದಾದ ದಿನ ನಮ್ಮ ಪ್ಲಾಟ್‌ಫಾರ್ಮಿಗೆ ಬಂದರೆ ಸಾಕು, ಸಾವಿರ ಜನ ಅದನ್ನೇ ಮಾಡುತ್ತಿರುತ್ತಾರೆ.

ಆದರೆ ಈ ಚಟ ಹೊಸದೇನಲ್ಲ ಬಿಡಿ. ನಮ್ಮ ಹಿರಿಯರ ಸ್ಥಳ ಮಹಾತ್ಮೆಗಳನ್ನು ತೆರೆದು ನೋಡಿ: ಈ ಕುಂಡದಲ್ಲಿ ಮಿಂದು, ಆ ಮರವನ್ನು ಸುತ್ತಿ, ಈ ಗುಡಿಯಲ್ಲಿ ದಕ್ಷಿಣೆ ಕೊಟ್ಟು, ಸೂರ್ಯ ಮುಳುಗುವ ಮುನ್ನ ಆ ಬೆಟ್ಟ ಹತ್ತಬೇಕು. ಬಂದವನು ಒಂದು ಗಳಿಗೆ ತೆಪ್ಪಗೆ ಕೂತುಬಿಟ್ಟಾನು ಎಂಬ ಭಯ ಪುರಾಣಕಾರರಿಗೂ ಇತ್ತು, ನಮ್ಮ ಕಂಪನಿಯ ಶೇಠರಿಗೂ ಇತ್ತು. ಕೊನೆಗೆ ಅದು ನನಗೂ ಅಂಟಿತು. ಅಂಟಿದ್ದು ನನ್ನ ಮಾವ ಡೊಂಬಿವಲಿಗೆ ಬಂದಾಗ.

ಮಾವನವರು ವಿಜಾಪುರದ ಕಡೆಯ ದ್ರಾಕ್ಷಿ ಬೆಳೆಗಾರರು. ಮಗಳನ್ನು ಚಾಳಿನ ಒಂದೇ ಖೋಲಿಯ ಮನೆಗೆ ಕೊಟ್ಟೆನಲ್ಲ ಎಂಬ ಕೊರಗು ಅವರಿಗೆ. ಅದನ್ನು ಕಣ್ಣಾರೆ ನೋಡುವುದು ಬೇಡವೆಂದೋ ಏನೋ, ಮದುವೆಯಾಗಿ ಒಂಬತ್ತು ವರ್ಷವಾದರೂ ಇತ್ತ ಕಾಲಿಟ್ಟಿರಲಿಲ್ಲ. ಈಗ ಬರುತ್ತೇನೆಂದು ಕಾಗದ ಬಂತು. ನನ್ನ ಹೆಂಡತಿ ಗಂಗಾ ಆ ಕಾಗದವನ್ನು ಮೂರು ಸಲ ಓದಿಸಿಕೊಂಡಳು. ಅಪ್ಪ ಇಲ್ಲಿಂದ ಸಮಾಧಾನದಿಂದ ಹೋಗಬೇಕು, ಅಷ್ಟೇ ಅವಳ ಆಸೆ. ಅವರು ಎರಡನೇ ದಿನಕ್ಕೇ ಬೇಸತ್ತು ಚೀಲ ಎತ್ತಿಬಿಟ್ಟರೆ ಈ ಜನ್ಮದಲ್ಲಿ ಮತ್ತೆ ಬರುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಇಂಥ ಹೊತ್ತಿನಲ್ಲಿ ಬೇರೆ ಅಳಿಯಂದಿರು ಏನು ಮಾಡುತ್ತಾರೋ ಕಾಣೆ. ನಾನು ಮಾತ್ರ ಆಫೀಸಿನ ಕಾಗದದ ಮೇಲೆ, ಕಾರ್ಬನ್ ಇಟ್ಟು, ಎಂಟು ದಿನದ ಕಾರ್ಯಕ್ರಮ ಟೈಪ್ ಮಾಡಿದೆ. ಒಂದು ಪ್ರತಿ ಗೋಡೆಗೆ, ಒಂದು ಜೇಬಿಗೆ. ಕಲ್ಯಾಣದಲ್ಲಿ ಮೂರು ತಾಸು ಸರದಿಯಲ್ಲಿ ನಿಂತು ಒಂಬತ್ತನೆಯ ದಿನದ ಸೊಲ್ಲಾಪುರದ ಟಿಕೆಟ್ಟನ್ನೂ ರಿಸರ್ವ್ ಮಾಡಿಸಿದೆ. ಮಾವನವರು ಇನ್ನೂ ಊರು ಬಿಟ್ಟಿರಲಿಲ್ಲ, ಅಷ್ಟರಲ್ಲೇ ಅವರು ಹಿಂದಿರುಗುವ ಬರ್ತ್ ನಿಶ್ಚಯವಾಗಿತ್ತು!

ಮೊದಲ ದಿನ ಗೇಟ್‌ವೇ. ದಾದರಿನ ನೂಕುನುಗ್ಗಲಿನಲ್ಲಿ ಅವರ ಒಂದು ಚಪ್ಪಲಿ ಹೋಯಿತು. ಉಳಿದ ಒಂದನ್ನು ಅವರು ಬಿಸಾಡಲೊಲ್ಲರು. ಅದನ್ನು ಕೈಯಲ್ಲಿ ಹಿಡಿದೇ ಬರಿಗಾಲಲ್ಲಿ ನಿಂತು ಅರಬ್ಬಿ ಸಮುದ್ರವನ್ನು ಬಹಳ ಹೊತ್ತು ನೋಡಿದರು. ಅವರ ಮನಸ್ಸು ತುಂಬಿ ಬಂದಿದೆ ಎಂದುಕೊಂಡೆ. ಆಮೇಲೆ ಕೇಳಿದರು:

"ಇಷ್ಟು ನೀರೂ ಉಪ್ಪಲ್ರೀ? ಮತ್ತ ಎದಕ್ಕ ಬರ್ತೈತಿ?"

ಇದಕ್ಕೆ ಯಾವ ಬ್ರೋಷರಿನಲ್ಲೂ ಉತ್ತರವಿಲ್ಲ. ಎರಡನೆಯ ದಿನ ಸೋಮವಾರ. ನಾವು ಹೋದ ಮ್ಯೂಸಿಯಮ್ಮಿಗೆ ಅಂದು ರಜೆ. ಜನರಿಗೆ ಇಟಲಿಯ ಚರ್ಚುಗಳ ವಾರದ ರಜೆಗಳನ್ನೆಲ್ಲ ಬಾಯಿಪಾಠ ಒಪ್ಪಿಸುತ್ತಿದ್ದ ನನಗೆ, ದಿನಾ ಮಗ್ಗುಲಲ್ಲೇ ಹಾದುಹೋಗುವ ಕಟ್ಟಡದ ರಜೆ ಗೊತ್ತಿರಲಿಲ್ಲ. ಮೂರನೆಯ ದಿನ ದೋಣಿ ಹತ್ತಿಸಿದೆ. ಮಾವನವರು ಕಲ್ಲಿನಂತೆ ಕೂತಿದ್ದರು, ಹೋಗಿ ಬರುವ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡವನು ನಾನು. ನಾಲ್ಕನೆಯ ದಿನ ಚೌಪಾಟಿಯಲ್ಲಿ ಭೇಲ್ ತಿನ್ನಿಸಿದೆ. ಚುರುಮುರಿಗೆ ಯಾರೋ ಬೆಲ್ಲದ ನೀರು ಚೆಲ್ಲಿದ್ದಾರೆ ಎಂದು ಮರುಗಿದರು. ಬೆಳಿಗ್ಗೆ ಏಳಕ್ಕೆ ಹೊರಟು, ದೀಪ ಹಚ್ಚಿ ಬಹಳ ಹೊತ್ತಾದ ಮೇಲೆ ಮರಳಿ, ಉಂಡು ಮಲಗುವುದು. ನನಗೆ ರೇಗಿಹೋಗಿತ್ತು. ರಜೆ ಮುಗಿಯುತ್ತ ಬಂದಿತ್ತು, ಕಾಲುಗಳು ಊದಿದ್ದವು, ಈ ಮನುಷ್ಯ ಒಂದು ಸಲವಾದರೂ 'ವಾಹ್' ಅನ್ನಬಾರದೇ?

ಐದನೆಯ ದಿನದ ಬೆಳಿಗ್ಗೆ ಮಾವನವರು ಚಾಳಿನ ನಳದ ಕಡೆಗೆ ಸ್ನಾನಕ್ಕೆ ಹೋಗಿದ್ದಾಗ, ನಾನು ಗೋಡೆಯ ಕಾರ್ಯಕ್ರಮದ ಮುಂದೆ ನಿಂತು ರಾಣಿಬಾಗಿನ ಪ್ರಾಣಿಸಂಗ್ರಹಾಲಯದ ವೇಳೆ ನೋಡುತ್ತಿದ್ದೆ. ಗಂಗಾ ಬುತ್ತಿಗೆ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ನಿಂತಿತು.

"ಅಪ್ಪ ಮುಂಬೈ ನೋಡಾಕ ಬಂದಿಲ್ರೀ," ಅಂದಳು. "ನನ್ನ ನೋಡಾಕ ಬಂದಾನ. ನಾಕ ದಿನಾ ಆತು, ನಾ ಅವನ ಕೂಡ ಒಂದ ತಾಸು ಕುಂತಿಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ಏನಾದರೂ ಅಂದು ಜಗಳವಾಡಿ ಪಾರಾಗುತ್ತಿದ್ದೆ. ಅವಳು ಹೇಳಿದ್ದು ನಿಜವಾಗಿತ್ತು. ಒಂಬತ್ತು ವರ್ಷ ಕಾದ ಮೇಲೆ ತನ್ನ ಮನೆಗೆ ಬಂದ ಅಪ್ಪನನ್ನು ಅವಳು ನಾಲ್ಕು ದಿನ ಬುತ್ತಿ ಕಟ್ಟಿ ನನ್ನ ಹಿಂದೆ ಕಳಿಸಿದ್ದಳು. ನನಗೆ ಮುಖ ಎತ್ತಲಾಗಲಿಲ್ಲ. ಜ್ವರ ಬಂದಂತಿದೆ ಎಂದು ಮಾವನವರಿಗೆ ಸುಳ್ಳು ಹೇಳಿ ಅಂದಿನ ಕಾರ್ಯಕ್ರಮ ರದ್ದು ಮಾಡಿದೆ. ಮರುದಿನ ಜ್ವರ ಬಿಟ್ಟು ಆಫೀಸಿಗೆ ಹೋದೆ.

ಆಮೇಲೆ ಅಪ್ಪ ಮಗಳು ಏನು ನೋಡಿದರು, ಏನು ಮಾಡಿದರು ಎಂದು ಕೇಳಿದರೆ ಹೇಳುವಂಥದ್ದೇನೂ ಇಲ್ಲ. ಒಂದು ಮಧ್ಯಾಹ್ನ ಅಕ್ಕಿಯಲ್ಲಿ ಹರಳು ಆರಿಸಿದರಂತೆ. ಸ್ಟೇಷನ್ ಪಕ್ಕದ ಸಂತೆಗೆ ಹೋಗಿ ಮೆಂತ್ಯದ ಸೊಪ್ಪು ತಂದರಂತೆ. ಬಾಗಿಲಲ್ಲಿ ಕೂತ ಮಾವನವರು ನಾನು ತಂದಿಟ್ಟಿದ್ದ ಇಟಲಿಯ ಬ್ರೋಷರನ್ನು ಕನ್ನಡಕ ಹಾಕಿಕೊಂಡು ನೋಡಿ, ಬಳ್ಳಿ ಸವರುವುದು ಇವರಿಗೆ ನೆಟ್ಟಗೆ ಬರುವುದಿಲ್ಲ ಎಂದು ತೀರ್ಪು ಕೊಟ್ಟರಂತೆ. ನೆರೆಮನೆಯ ಮರಾಠಿ ಅಜ್ಜಿ ಇವರಿಗೆ ಚಹಾ ಕೊಟ್ಟು ಮರಾಠಿಯಲ್ಲಿ ಸೊಸೆಯ ಮೇಲೆ ದೂರು ಹೇಳಿದರೆ, ಇವರು ಕನ್ನಡದಲ್ಲೇ ಸಮಾಧಾನ ಹೇಳಿದರಂತೆ. ಸಂಜೆ ನಾನು ಬರುವಷ್ಟರಲ್ಲಿ ಖೋಲಿಯಿಂದ ನಗು ಕೇಳುತ್ತಿತ್ತು. ಗಂಗಾ ಹಾಗೆ ನಗುತ್ತಾಳೆಂದು ನನಗೆ ಗೊತ್ತಿರಲಿಲ್ಲ. ನಿಜ ಹೇಳುತ್ತೇನೆ, ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಎಂಟನೆಯ ದಿನ ಊಟಕ್ಕೆ ಕೂತಾಗ ಮಾವನವರು ತಟ್ಟೆಯತ್ತಲೇ ನೋಡುತ್ತ ಕೇಳಿದರು:

"ಆ ಟಿಕೀಟು ಇನ್ನೊಂದ ಸ್ವಲ್ಪ ಮುಂದ ಹಾಕಸಾಕ ಬರ್ತೈತೇನ್ರಿ?"

ಗಂಗಾ ಬಡಿಸುತ್ತಿದ್ದ ಕೈ ಹಾಗೇ ನಿಲ್ಲಿಸಿದಳು. ನಾನು ಬರ್ತೈತಿ ಎಂದೆ.

ಮರುದಿನ ಅರ್ಧ ದಿನ ರಜೆ ಹಾಕಿ ಮತ್ತೆ ಕಲ್ಯಾಣದ ಸರದಿ. ಮತ್ತೆ ಮೂರು ತಾಸು, ಮತ್ತದೇ ಸೆಕೆ, ಹಿಂದಿನವನ ಟ್ರಂಕು ನನ್ನ ಮೀನಖಂಡಕ್ಕೆ. ರೈಲ್ವೆಯನ್ನೂ, ಮಾವನವರನ್ನೂ, ಅಪ್ಪಂದಿರಿರುವ ಹುಡುಗಿಯರನ್ನು ಮದುವೆಯಾಗುವ ಪದ್ಧತಿಯನ್ನೂ ಮನಸಾರೆ ಬೈಯುತ್ತ ಕಿಟಕಿ ತಲುಪಿದೆ. ಗುಮಾಸ್ತ ಹಳೆಯ ಟಿಕೆಟ್ಟನ್ನು ರದ್ದು ಮಾಡಿ, ಹೊಸದು ಯಾವ ತಾರೀಖಿಗೆ ಎಂದು ಮರಾಠಿಯಲ್ಲಿ ಕೇಳಿದ.

ಇನ್ನು ಎಷ್ಟು ದಿನ ಎಂದು ಮನೆಯಲ್ಲಿ ಯಾರೂ ಹೇಳಿರಲಿಲ್ಲ. ನಾನು ಕೇಳಿರಲಿಲ್ಲ. ಗಂಗಾ ಕೇಳುವವಳಲ್ಲ. ಹಿಂದಿನವರು ಬೈಯತೊಡಗಿದರು. ಗುಮಾಸ್ತ ಪೆನ್ನಿನಿಂದ ಕಟ್ಟೆ ಕುಟ್ಟಿದ.

"ಇನ್ನೂ ನಿಶ್ಚಯವಾಗಿಲ್ಲ," ಎಂದು ಅವನ ಭಾಷೆಯಲ್ಲೇ ಹೇಳಿ, ಟಿಕೆಟ್ಟಿಲ್ಲದೆ ಸರದಿಯಿಂದ ಹೊರಗೆ ಬಂದೆ.